ಥೈರಾಯ್ಡ್ ಇದ್ರೆ ಮುಂದೆ ಮಕ್ಕಳಾಗಲ್ವಾ? ಮದುವೆ ಮಾತುಕತೆ ನಡೀತಿದೆ, ಗೊತ್ತಿರೋರು ಹೇಳಿ

ಹಾಸನದ_ಹುಡುಗಿ24:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗತ್ತೆ ಬೇಜಾರ್ ಮಾಡ್ಕೋಬೇಡಿ. ನನಗೆ 24, ಊರು ಹಾಸನದ ಹತ್ರ, ಬೆಂಗಳೂರಲ್ಲಿ ಕೆಲಸ, ಪಿಜಿಲಿ ಇದೀನಿ. ಹೋದ ವರ್ಷ ಎಷ್ಟು ನಿದ್ದೆ ಮಾಡಿದ್ರೂ ಸುಸ್ತು, ಆಫೀಸಲ್ಲಿ ಎಸಿ ಹಾಕಿದ್ರೆ ಎಲ್ರಿಗಿಂತ ಮೊದ್ಲು ನನಗೇ ಚಳಿ, ತಲೆ ಬಾಚಿದ್ರೆ ಬಾಚಣಿಗೆ ತುಂಬ ಕೂದಲು, ಮುಟ್ಟು ಶುರುವಾದ್ರೆ ನಿಲ್ಲೋ ಮಾತೇ ಇರ್ಲಿಲ್ಲ. ಕೊನೆಗೆ ಬ್ಲಡ್ ಟೆಸ್ಟ್ ಮಾಡಿಸಿದಾಗ ಟಿಎಸ್‌ಎಚ್ 14.2 (ಥೈರಾಯ್ಡ್ ಕೆಲಸ ಕಮ್ಮಿ ಆದ್ರೆ ಇದು ಏರತ್ತಂತೆ), ಫ್ರೀ ಟಿ4 ಅಂದ್ರೆ ಥೈರಾಯ್ಡ್ ಹಾರ್ಮೋನು ಕಮ್ಮಿ, ಆಂಟಿ ಟಿಪಿಒ ಅಂತ ಒಂದು ಆಂಟಿಬಾಡಿ ಇರತ್ತಲ್ಲ ಅದು 600ರ ಮೇಲೆ, ಹಿಮೋಗ್ಲೋಬಿನ್ 9.4. ಡಾಕ್ಟ್ರು ಹಾಶಿಮೊಟೊ ಅಂದ್ರು, ಅಂದ್ರೆ ನಮ್ಮ ದೇಹವೇ ಥೈರಾಯ್ಡ್ ಮೇಲೆ ದಾಳಿ ಮಾಡೋದಂತೆ, ಥೈರೋನಾರ್ಮ್ 50 ಅನ್ನೋ ಥೈರಾಯ್ಡ್ ಮಾತ್ರೆ ಬರ್ಕೊಟ್ರು, ಜೊತೆಗೆ ಐರನ್ ಮಾತ್ರೆ. ಜೀವನಪೂರ್ತಿ ತಗೋಬೇಕಾಗ್ಬಹುದು ಅಂದ್ರು ಅಷ್ಟೇ, ಹೊರಗೆ ಜನ ಕ್ಯೂ ನಿಂತಿದ್ರು, ನನಗೂ ಏನು ಕೇಳ್ಬೇಕು ಅಂತ ಹೊಳೀಲಿಲ್ಲ. ಲಾಸ್ಟ್ ರಿಪೋರ್ಟಲ್ಲಿ ಟಿಎಸ್‌ಎಚ್ 4.6 ಇದೆ.

ಈಗ ಮನೇಲಿ ಗಂಡು ನೋಡ್ತಿದಾರೆ. ಸಕಲೇಶಪುರದ ಕಡೆ ಒಂದು ಸಂಬಂಧ, ಜಾತಕ ಕೂಡಿ ಬಂದಿದೆ, ಹುಡುಗನ ಜೊತೆ ಫೋನಲ್ಲಿ ಮಾತಾಡಿದೀನಿ, ಒಳ್ಳೆಯವ್ರ ಥರ ಅನ್ಸ್ತು. ಅಷ್ಟರಲ್ಲಿ ನಮ್ಮ ಸೋದರತ್ತೆ ಅಮ್ಮನ ಹತ್ರ ಬಂದು "ಥೈರಾಯ್ಡ್ ಇರೋ ಹುಡುಗೀರಿಗೆ ಗರ್ಭ ನಿಲ್ಲಲ್ಲ, ನಮ್ಮ ಪಕ್ಕದ ಮನೆಯವಳಿಗೆ ಎರಡು ಸಲ ಹೋಯ್ತು, ಮೊದ್ಲೇ ಬಾಯ್ಬಿಟ್ರೆ ಸಂಬಂಧ ಮುರಿಯತ್ತೆ, ಸುಮ್ನಿರಿ" ಅಂತ ಹೇಳಿ ಹೋಗಿದಾರೆ. ಅವತ್ತಿಂದ ಅಮ್ಮ ಅಳೋದು, ಯಾರಿಗೂ ಹೇಳ್ಬೇಡ ಅಂತ ನನ್ನ ಹತ್ರ ಪ್ರಮಾಣ ಬೇರೆ ಮಾಡಿಸ್ಕೊಳ್ತಿದಾರೆ. ಪಿಜಿ ರೂಮ್‌ಮೇಟ್ ಎಎಂಎಚ್ ಅಂತ ಅಂಡಾಣು ಲೆಕ್ಕದ ಟೆಸ್ಟ್ ಮಾಡಿಸು, ಬೇಕಾದ್ರೆ ಎಗ್ ಫ್ರೀಜ್ ಮಾಡಿಸಿಡು ಅಂತಾಳೆ, ಅದಕ್ಕೆ ಲಕ್ಷಗಟ್ಲೆ ಆಗತ್ತಂತೆ. ನನಗೆ ನಿಜ ಬೇಕು, ಸಮಾಧಾನ ಬೇಡ. ಮಕ್ಕಳಾಗತ್ತಾ ಇಲ್ವಾ, ಹುಡುಗನಿಗೆ ಹೇಳ್ಬೇಕಾ ಬೇಡ್ವಾ?

ಬೆಣ್ಣೆದೋಸೆ_ಅಕ್ಕ:

ಮೊದ್ಲು ಅಳು ನಿಲ್ಸೋಕೆ ಹೇಳಮ್ಮ ನಿಮ್ಮಮ್ಮಂಗೆ. ನಾನು ದಾವಣಗೆರೆ, ನನಗೂ ನಿನ್ನ ಥರಾನೇ ಹಾಶಿಮೊಟೊ, ಡಿಗ್ರಿ ಓದೋವಾಗ ಗೊತ್ತಾಗಿದ್ದು, ಈಗ ದೊಡ್ಡವನು ಹೈಸ್ಕೂಲು, ಚಿಕ್ಕವಳು ಐದನೇ ಕ್ಲಾಸು, ಇಬ್ರೂ ತಲೆ ತಿನ್ನೋಷ್ಟು ಚೂಟಿ. ನಮ್ಮ ಕಡೆನೂ ಆಗ ಇದೇ ಮಾತು ಬಂದಿತ್ತು, ಯಾರದೋ ಮನೆ ಯಾರದೋ ಕಥೆ. ಪಕ್ಕದ ಮನೆಯವರಿಗೆ ಹೋಗಿದ್ದು ಯಾಕೆ ಅಂತ ನಿಮ್ಮತ್ತೆಗೆ ಗೊತ್ತಾ? ಅವ್ರು ಮಾತ್ರೆ ತಗೊಳ್ತಿದ್ರಾ, ಟಿಎಸ್‌ಎಚ್ ಎಷ್ಟಿತ್ತು, ಅದೆಲ್ಲ ಯಾರೂ ಕೇಳಿರಲ್ಲ.

ನನಗೆ ಡಾಕ್ಟರ್ ಹೇಳಿದ್ದು ಮತ್ತು ನಾನು ಮಾಡಿದ್ದು ಹೇಳ್ತೀನಿ, ನಿನ್ನ ಡೋಸ್ ನಿನ್ನ ಡಾಕ್ಟರ್ ಹತ್ರಾನೇ ಕೇಳ್ಕೋ. ಮಗು ಬೇಕು ಅಂತ ಅಂದ್ಕೊಂಡಾಗ ಮೊದ್ಲು ಟಿಎಸ್‌ಎಚ್ 2.5 ಒಳಗೆ ತಂದ್ಕೋ ಅಂದ್ರು. ಅದು ಬಂದ್ಮೇಲೆ ಟ್ರೈ ಮಾಡಿದ್ವಿ. ಇನ್ನೊಂದು ವಿಷಯ ಮೊದ್ಲೇ ಬರೆದು ಕೊಟ್ಟಿದ್ರು, ಮುಟ್ಟು ತಪ್ಪಿ ಮನೇಲಿ ಕಾರ್ಡ್ ಟೆಸ್ಟ್‌ನಲ್ಲಿ ಎರಡು ಗೆರೆ ಬಂದ ದಿನವೇ ವಾರಕ್ಕೆ ಏಳು ಮಾತ್ರೆ ಬದ್ಲು ಒಂಬತ್ತು ಶುರು ಮಾಡು, ಅಂದ್ರೆ ಎರಡು ದಿನ ಡಬಲ್, ಆಮೇಲೆ ಬಂದು ಬ್ಲಡ್ ಕೊಡು ಅಂತ. ಯಾಕಂದ್ರೆ ಮೊದಲ ಮೂರು ತಿಂಗಳು ಮಗುಗೆ ಸ್ವಂತ ಥೈರಾಯ್ಡ್ ಕೆಲಸ ಮಾಡಲ್ವಂತೆ, ತಾಯಿದೇ ಬೇಕು, ಅದಕ್ಕೆ ತಾಯಿಗೆ ಮಾಮೂಲಿಗಿಂತ ಕಾಲುಭಾಗಕ್ಕೂ ಜಾಸ್ತಿ ಬೇಕಾಗತ್ತಂತೆ. ಅಪಾಯಿಂಟ್‌ಮೆಂಟ್ ಸಿಗೋವರೆಗೆ ಕಾಯ್ತಾ ಕೂತ್ರೆ ಅಷ್ಟು ದಿನ ವೇಸ್ಟು ಅಂತ ಮೊದ್ಲೇ ಹೇಳಿಟ್ಟಿದ್ರು. ಐದು ತಿಂಗಳು ತುಂಬೋವರೆಗೆ ತಿಂಗಳಿಗೊಂದು ಸಲ ಟೆಸ್ಟ್, ಆಮೇಲೆ ಏಳನೇ ತಿಂಗಳ ಹೊತ್ತಿಗೆ ಒಂದು. ಹೆರಿಗೆ ಆದ್ಮೇಲೆ ಡೋಸ್ ಹಳೇದಕ್ಕೆ ವಾಪಸ್. ಎದೆಹಾಲು ಕೊಡೋವಾಗ್ಲೂ ಮಾತ್ರೆ ತಗೊಂಡೆ, ಏನೂ ತೊಂದ್ರೆ ಇಲ್ಲ ಅದಕ್ಕೆ.

ನನಗೆ ಬಾಣಂತನದಲ್ಲಿ ಸ್ವಲ್ಪ ಏರುಪೇರಾಯ್ತು, ಮೂರ್ನಾಲ್ಕು ತಿಂಗಳಾದ್ಮೇಲೆ ಎದೆ ಡವಡವ, ಆಮೇಲೆ ಒಂದೇ ಸಮ ಸುಸ್ತು, ಮನೇಲಿ ಎಲ್ರೂ ಬಾಣಂತಿ ಸನ್ನಿ ಅಂತ ತಾಯತ ಕಟ್ಸೋಕೆ ಹೊರಟಿದ್ರು, ಟೆಸ್ಟ್ ಮಾಡಿಸಿದ್ರೆ ಥೈರಾಯ್ಡ್. ಟಿಪಿಒ ಇರೋರಿಗೆ ಹೆರಿಗೆ ಆದ ವರ್ಷ ಹಾಗಾಗೋದು ಜಾಸ್ತಿಯಂತೆ. ಈಗ್ಲೇ ತಲೇಲಿ ಇಟ್ಕೊಂಡಿರು, ಆಗ ಹೆದರಲ್ಲ.

ಪ್ರಕೃತಿ_ಮನೆಮದ್ದು:

ತಂಗಿ ಇಂಗ್ಲಿಷ್ ಮಾತ್ರೆ ಒಂದ್ಸಲ ಶುರು ಮಾಡಿದ್ರೆ ಸಾಯೋವರೆಗೂ ಬಿಡಲ್ಲ, ಅದರಿಂದಾನೇ ಗರ್ಭಕೋಶ ವೀಕ್ ಆಗೋದು. ರಾತ್ರಿ ಕೊತ್ತಂಬರಿ ಬೀಜ ನೆನೆಹಾಕಿ ಬೆಳಿಗ್ಗೆ ಕುದಿಸಿ ಕುಡಿ, ಕಾಂಚನಾರ ಗುಗ್ಗುಲು ತಗೋ, ಕೋಸು ಹೂಕೋಸು ರಾಗಿ ಪೂರ್ತಿ ಬಿಡು, 90 ದಿನದಲ್ಲಿ ಮಾತ್ರೆ ನಿಲ್ಲಿಸಬಹುದು. ಬೇಕಾದ್ರೆ ಮೆಸೇಜ್ ಮಾಡು ಕಿಟ್ ಕಳಿಸ್ತೀನಿ.

ಬೆಣ್ಣೆದೋಸೆ_ಅಕ್ಕ:

ಅದೇ ಅಂದ್ಕೊಂಡೆ, ಕಿಟ್ ಎಲ್ಲಿ ಬಂದಿಲ್ಲ ಅಂತ. ಇವ್ರ ಮಾತು ಕೇಳಿ ಮಾತ್ರೆ ನಿಲ್ಲಿಸ್ಬೇಡ ಪುಟ್ಟಿ.

ಹುಬ್ಬಳ್ಳಿ_ಲ್ಯಾಬ್:

ನಮಸ್ಕಾರ್ರಿ. ನಾ ಲ್ಯಾಬ್ ಟೆಕ್ನಿಶಿಯನ್ ಅದೀನಿ, ಡಾಕ್ಟರ್ ಅಲ್ಲ, ಅದಕ್ಕ ಔಷಧದ ಮಾತು ಬಿಟ್ಟು ಟೆಸ್ಟಿಂದಷ್ಟ ಹೇಳ್ತೀನಿ. ದಿನಾ ಮುಂಜಾನೆ ಥೈರಾಯ್ಡ್ ಸ್ಯಾಂಪಲ್ ಭಾಳ ಬರ್ತಾವ, ಅದರಾಗ ವಯಸ್ಸಿನ ಹುಡುಗ್ಯಾರೂ ಭಾಳ, ಮತ್ತ ಬಂದಾಗೊಮ್ಮೆ ತಾಯಿ ಮಕ್ಕಳು ಇಬ್ರೂ ಇದ ಪ್ರಶ್ನೆ ಕೇಳ್ತಾರ, ಮಕ್ಕಳಾಗ್ತಾವ ಇಲ್ರೀ ಅಂತ.

ನಿಮ್ಮ ಕೂದಲಾ ಉದುರ್ತಾವ ಅಂದ್ರಿ. ಕೂದಲಿಗೆ ಅಂತ ಬಯೋಟಿನ್ ಮಾತ್ರಿ ಅಥವಾ ಆ ಗಮ್ಮಿ ತಿಂತೀರೇನು? ತಿಂತಿದ್ರ ಟೆಸ್ಟಿಗೆ ಕನಿಷ್ಠ ಎರಡು ದಿನ ಮೊದ್ಲ ನಿಲ್ಲಸ್ರಿ, ಮತ್ತ ಲ್ಯಾಬ್‌ನ್ಯಾಗ ಹೇಳ್ರಿ. ಭಾಳ ಮಷೀನ್‌ದಾಗ ಬಯೋಟಿನ್ ಸೇರಿದ ಕೆಮಿಸ್ಟ್ರೀನ ಇರ್ತದ, ರಕ್ತದಾಗ ಅದು ಜಾಸ್ತಿ ಇದ್ರ ಟಿಎಸ್‌ಎಚ್ ಇದ್ದದ್ದಕ್ಕಿಂತ ಕಡಿಮಿ ತೋರಸ್ತದ, ಟಿ4 ಜಾಸ್ತಿ ತೋರಸ್ತದ. ಅಂದ್ರ ಹೈಪೋ (ಥೈರಾಯ್ಡ್ ಕಡಿಮಿ) ಇದ್ದವ್ರ ರಿಪೋರ್ಟ್ ಚಲೋ ಕಾಣ್ತದ, ಇನ್ನೂ ಜಾಸ್ತಿ ತಿಂದ್ರ ಹೈಪರ್ (ಥೈರಾಯ್ಡ್ ಜಾಸ್ತಿ) ಇದ್ದಂಗ ಕಾಣ್ತದ. ಇದು ಎಷ್ಟೋ ಮಂದಿಗೆ ಗೊತ್ತ ಇಲ್ಲ.

ಎರಡನೇದು, ರಕ್ತಾ ಯಾವಾಗ ಕೊಡ್ತೀರಿ ಅನ್ನೋದು. ಟಿಎಸ್‌ಎಚ್ ನಸುಕಿನ್ಯಾಗ ಜಾಸ್ತಿ ಇರ್ತದ, ನಾಷ್ಟಾ ಆದ ಮ್ಯಾಲೆ ಇಳೀತದ. ಒಮ್ಮೆ ಮುಂಜಾನೆ ಎಂಟಕ್ಕ, ಒಮ್ಮೆ ಮಧ್ಯಾಹ್ನ ಮೂರಕ್ಕ ಕೊಟ್ಟು ಎರಡೂ ಹೋಲಸ್ಕೋತ ಕುಂತ್ರ ತಲಿ ಕೆಡ್ತದ. ಪ್ರತಿ ಸಲ ಅದ ಹೊತ್ತಿಗೆ, ಅದ ಲ್ಯಾಬ್‌ನ್ಯಾಗ, ಅವತ್ತಿನ ಮಾತ್ರಿ ತಗೊಳ್ಳಾಕಿಂತ ಮೊದ್ಲ ಕೊಡ್ರಿ. ಮತ್ತ ಡೋಸ್ ಬದಲಿ ಮಾಡಿ ಹದಿನೈದು ದಿನಕ್ಕ ಓಡಿ ಬರಬ್ಯಾಡ್ರಿ, ಆ ಮಾತ್ರಿ ರಕ್ತದಾಗ ಅರ್ಧಾ ಇಳಿಲಿಕ್ಕ ಒಂದು ವಾರ ತಗೋತದ, ಹಂಗಾಗಿ ಆರರಿಂದ ಎಂಟು ವಾರ ಆದ ಮ್ಯಾಲೆ ನಿಜವಾದ ನಂಬರ್ ಬರ್ತದ. ಬಸಿರಿದ್ದಾಗ ಮಾತ್ರ ನಾಲ್ಕು ವಾರಕ್ಕೊಮ್ಮೆ ನೋಡ್ತಾರ.

ಆಂಟಿ ಟಿಪಿಒ 600 ಅಂತ ಅಂಜಬ್ಯಾಡ್ರಿ. ಅದು ಒಮ್ಮೆ ಪಾಸಿಟಿವ್ ಬಂತಂದ್ರ ರೋಗದ ಹೆಸರು ಗೊತ್ತಾತು, ಮುಗೀತು. ಅದು 600 ಇದ್ದದ್ದು 400ಕ್ಕ ಇಳೀತೇನು ಅಂತ ಮೂರು ತಿಂಗಳಿಗೊಮ್ಮೆ ಮಾಡಸಾಕ ಬರ್ತಾರ, ರೊಕ್ಕಾ ನಮಗ ಬರ್ತದ ಖರೆ, ಆದ್ರ ನಿಮಗ ಅದರಿಂದ ಏನೂ ಉಪಯೋಗ ಇಲ್ರಿ.

ಓಬಿಜಿ_ನೈಟ್‌ಡ್ಯೂಟಿ:

ಸ್ತ್ರೀರೋಗ ವಿಭಾಗದಲ್ಲಿ ಪಿಜಿ ಮಾಡ್ತಿದೀನಿ, ಡ್ಯೂಟಿ ಮಧ್ಯೆ ಟೈಪ್ ಮಾಡ್ತಿರೋದ್ರಿಂದ ತುಂಡು ತುಂಡಾಗಿರುತ್ತೆ. ಮೇಲೆ ಲ್ಯಾಬ್‌ನವರು ಹೇಳಿದ್ದೆಲ್ಲ ಸರಿ ಇದೆ.

ನಿಮಗೆ ಸಮಾಧಾನ ಬೇಡ ನಿಜ ಬೇಕು ಅಂದ್ರಿ. ನಿಮ್ಮತ್ತೆ ಹೇಳಿದ್ರಲ್ಲಿ ಒಂದು ಚೂರು ನಿಜ ಇದೆ, ಅದನ್ನ ಮುಚ್ಚಿಡಲ್ಲ. ಟ್ರೀಟ್‌ಮೆಂಟ್ ಇಲ್ಲದ ಹೈಪೋಥೈರಾಯ್ಡ್‌ನಲ್ಲಿ ಗರ್ಭ ಕಟ್ಟೋದು ತಡ ಆಗುತ್ತೆ, ಕಟ್ಟಿದ್ರೆ ಅಬಾರ್ಷನ್ ಆಗೋ ಸಾಧ್ಯತೆ ಹೆಚ್ಚು, ಬಿಪಿ ಏರೋದು, ದಿನ ತುಂಬೋ ಮೊದ್ಲೇ ಹೆರಿಗೆ, ಮಗುವಿನ ಮೆದುಳಿನ ಬೆಳವಣಿಗೆಗೆ ತೊಂದರೆ, ಇದೆಲ್ಲ ಆಗಬಹುದು. "ಟ್ರೀಟ್‌ಮೆಂಟ್ ಇಲ್ಲದ" ಅನ್ನೋ ಮೊದಲ ಪದ ಬಿಟ್ಟು ಉಳಿದಿದ್ದು ಮಾತ್ರ ಊರಲ್ಲಿ ಓಡಾಡುತ್ತೆ. ಟಿಎಸ್‌ಎಚ್ ಹಿಡಿತದಲ್ಲಿ ಇಟ್ಕೊಂಡು ಗರ್ಭಿಣಿ ಆದೋರು ನಮ್ಮ ಓಪಿಡಿಗೆ ದಿನಾ ಬರ್ತಾರೆ, ಅವರದ್ದು ಯಾರೂ ಸುದ್ದಿ ಮಾಡಲ್ಲ.

ನಿಮಗೆ ಮುಟ್ಟಿನ ತೊಂದರೆ ಯಾಕೆ ಬಂತು ಅಂತ ಯಾರೂ ಹೇಳಿರಲ್ಲ. ಥೈರಾಯ್ಡ್ ಹಾರ್ಮೋನ್ ಕಮ್ಮಿಯಾದಾಗ ಮೆದುಳು ಟಿಆರ್‌ಎಚ್ ಅನ್ನೋದನ್ನ ಜಾಸ್ತಿ ಬಿಡುತ್ತೆ, ಅದು ಟಿಎಸ್‌ಎಚ್ ಏರಿಸೋದಲ್ದೆ ಪ್ರೊಲ್ಯಾಕ್ಟಿನ್ನನ್ನೂ ಏರಿಸಬಹುದು. ಪ್ರೊಲ್ಯಾಕ್ಟಿನ್ ಅಂದ್ರೆ ಹಾಲು ಬರಿಸೋ ಹಾರ್ಮೋನು, ಹಾಲು ಕುಡಿಸೋ ಬಾಣಂತಿಗೆ ತಿಂಗಳುಗಟ್ಲೆ ಮುಟ್ಟು ಬರದೇ ಇರೋದು ಇದೇ ಕಾರಣಕ್ಕೆ. ಅದು ಏರಿದ್ರೆ ಅಂಡಾಣು ಸರಿಯಾಗಿ ಬಿಡುಗಡೆ ಆಗಲ್ಲ, ಮುಟ್ಟು ಹಿಂದೆಮುಂದೆ ಆಗುತ್ತೆ, ಆದಾಗ ಜಾಸ್ತಿ ಹೋಗುತ್ತೆ. ಮಾತ್ರೆಯಿಂದ ಥೈರಾಯ್ಡ್ ಸರಿಯಾದ್ರೆ ಪ್ರೊಲ್ಯಾಕ್ಟಿನ್ ತಾನಾಗೇ ಇಳಿಯುತ್ತೆ. ಅಂಡಾಶಯ ಹಾಳಾಗಿರಲ್ಲ, ಅದಕ್ಕೆ ಹೋಗೋ ಸಿಗ್ನಲ್ ಕೆಟ್ಟಿರುತ್ತೆ ಅಷ್ಟೇ. ಹಾಗೇ ಇನ್ನೊಂದು, ಟಿಎಸ್‌ಎಚ್ ತುಂಬ ಜಾಸ್ತಿ ಇರೋ ಹುಡುಗೀರಿಗೆ ಸ್ಕ್ಯಾನ್ ಮಾಡಿದ್ರೆ ಪಿಸಿಓಡಿ (ಅಂಡಾಶಯದಲ್ಲಿ ಸಣ್ಣ ಸಣ್ಣ ನೀರುಗುಳ್ಳೆ) ಥರಾನೇ ಕಾಣಬಹುದು, ಥೈರಾಯ್ಡ್ ನೋಡದೇ ಪಿಸಿಓಡಿ ಹಣೆಪಟ್ಟಿ ಕಟ್ಟೋದು ಸರಿಯಲ್ಲ. ನಿಮಗೂ ಯಾರಾದ್ರೂ ಕಟ್ಟಿದ್ರೆ ಟಿಎಸ್‌ಎಚ್ ಸರಿಯಾದ್ಮೇಲೆ ಇನ್ನೊಂದ್ಸಲ ನೋಡಿ ಅಂತ ಕೇಳಿ.

ಟಿಪಿಒ ಬಗ್ಗೆ. ಥೈರಾಯ್ಡ್ ಲೆವೆಲ್ ನಾರ್ಮಲ್ ಇದ್ದು ಬರೀ ಟಿಪಿಒ ಇರೋ ಹೆಂಗಸರಿಗೆ ಮುಂಚಿತವಾಗಿ ಮಾತ್ರೆ ಕೊಟ್ರೆ ಅಬಾರ್ಷನ್ ಕಮ್ಮಿ ಆಗುತ್ತಾ ಅಂತ ಬ್ರಿಟನ್ನಲ್ಲಿ ಟ್ಯಾಬ್ಲೆಟ್ ಟ್ರಯಲ್ ಅಂತ ದೊಡ್ಡ ಪ್ರಯೋಗ ಮಾಡಿದ್ರು, 2019ರಲ್ಲಿ ಬಂತು. 952 ಜನ, ಎಲ್ರೂ ಹಿಂದೆ ಅಬಾರ್ಷನ್ ಆದೋರು ಅಥವಾ ಮಕ್ಕಳಾಗೋದು ತಡ ಆದೋರು. ಅರ್ಧ ಜನಕ್ಕೆ 50 ಮೈಕ್ರೋಗ್ರಾಂ ಲೆವೊಥೈರಾಕ್ಸಿನ್ (ನಿಮ್ಮ ಥೈರೋನಾರ್ಮ್‌ನಲ್ಲಿ ಇರೋದೂ ಇದೇ), ಉಳಿದೋರಿಗೆ ಸುಳ್ಳು ಮಾತ್ರೆ. ಮಗು ಆಗಿದ್ದು ಒಂದ್ಕಡೆ ನೂರಕ್ಕೆ 37.4, ಇನ್ನೊಂದ್ಕಡೆ 37.9, ಅಂದ್ರೆ ವ್ಯತ್ಯಾಸನೇ ಇಲ್ಲ. ಇದು ನಿಮಗೆ ಅನ್ವಯ ಆಗಲ್ಲ, ನಿಮ್ಮ ಟಿಎಸ್‌ಎಚ್ 14 ಇತ್ತು, ಮಾತ್ರೆ ಬೇಕೇ ಬೇಕು. ಆದ್ರೆ ಇದನ್ನ ಓದ್ತಿರೋ ಬೇರೆ ಹುಡುಗೀರಲ್ಲಿ ಬರೀ ಟಿಪಿಒ ಪಾಸಿಟಿವ್ ಇದ್ದು ಟಿಎಸ್‌ಎಚ್ ನಾರ್ಮಲ್ ಇರೋರು ಸುಮ್ನೆ ಮಾತ್ರೆ ಕೇಳ್ಕೊಂಡು ಹೋಗೋದು ಬೇಡ, ಟಿಎಸ್‌ಎಚ್ ಏರುತ್ತಾ ಅಂತ ವರ್ಷಕ್ಕೊಮ್ಮೆ, ಗರ್ಭಿಣಿ ಆದ ತಕ್ಷಣ ಒಮ್ಮೆ, ಆಮೇಲೆ ಐದು ತಿಂಗಳವರೆಗೆ ನಾಲ್ಕು ವಾರಕ್ಕೊಮ್ಮೆ ನೋಡಿಸ್ಕೊಂಡ್ರೆ ಸಾಕು.

ಎಎಂಎಚ್ ಮಾಡಿಸೋದಕ್ಕೆ ನಿಮ್ಮ ಕೇಸಲ್ಲಿ ಕಾರಣನೇ ಇಲ್ಲ. ಅದು ಅಂಡಾಣು ಎಷ್ಟು ಉಳಿದಿವೆ ಅನ್ನೋದರ ಒಂದು ಅಂದಾಜು, ಐವಿಎಫ್ ಮಾಡೋರಿಗೆ ಬೇಕಾಗುತ್ತೆ. ಸಹಜವಾಗಿ ಗರ್ಭ ಕಟ್ಟುತ್ತಾ ಇಲ್ವಾ ಅಂತ ಅದು ಹೇಳಲ್ಲ. ಹಾಶಿಮೊಟೊ ಇದೆ ಅಂತ 24ಕ್ಕೆ ಎಗ್ ಫ್ರೀಜಿಂಗ್ ಯಾರೂ ಹೇಳಲ್ಲ. ಆ ದುಡ್ಡಲ್ಲಿ ಒಡವೆ ಮಾಡಿಸ್ಕೊಳ್ಳಿ.

ಕೊನೇದು, 4.6 ಇನ್ನೂ ಸ್ವಲ್ಪ ಜಾಸ್ತಿನೇ. ಐರನ್ ಮಾತ್ರೆ ಯಾವಾಗ ತಗೊಳ್ತೀರಿ? ಥೈರಾಯ್ಡ್ ಮಾತ್ರೆ ಜೊತೆಗೇ ನುಂಗ್ತಿದ್ರೆ ಅದು ಹೀರಿಕೊಳ್ಳೋಕೆ ಬಿಡಲ್ಲ. ಐರನ್, ಕ್ಯಾಲ್ಸಿಯಂ ಎರಡಕ್ಕೂ ನಾಲ್ಕು ಗಂಟೆ ಅಂತರ ಬೇಕು. ಡೋಸ್ ಏರಿಸೋ ಮುಂಚೆ ನಿಮ್ಮ ಡಾಕ್ಟರ್ ಇದನ್ನ ಕೇಳೇ ಕೇಳ್ತಾರೆ, ನೀವೇ ಹೇಳ್ಬಿಡಿ.

ಕುಡ್ಲದ_ಬಂಗುಡೆ:

ಇಲ್ಲಿ ಎಲ್ಲರೂ ಹೈಪೋದ್ದೇ ಹೇಳ್ತಾ ಇದ್ದೀರಿ, ನನ್ನದು ಉಲ್ಟಾ ಮಾರಾಯ್ರೆ, ಹೈಪರ್, ಗ್ರೇವ್ಸ್ ಅಂತ, ಆ್ಯಂಟಿಬಾಡಿ ಥೈರಾಯ್ಡನ್ನು ಕೆಣಕಿ ಜಾಸ್ತಿ ಕೆಲಸ ಮಾಡಿಸುವ ರೋಗ. ಹುಡುಕಿಕೊಂಡು ಬರುವವರಿಗೆ ಉಪಯೋಗ ಆಗ್ಲಿ ಅಂತ ಬರೀತಿದ್ದೇನೆ. ಕಾಲೇಜಲ್ಲಿ ಇರುವಾಗ ತೂಕ ಇಳೀತಾ ಹೋಯ್ತು, ಕೈ ನಡುಗುದು, ಎದೆ ಓಡುದು, ಎಲ್ಲರೂ ಎಂಥ ಚಂದ ಸಪೂರ ಆಗಿದ್ದಿ ಅಂತ ಹೊಗಳುದು ಬೇರೆ! ಮುಟ್ಟು ಬರುದೇ ನಿಂತ ಮೇಲೆ ಅಮ್ಮನಿಗೆ ಹೆದರಿಕೆ ಆಗಿ ಕರ್ಕೊಂಡು ಹೋದ್ರು.

ಥೈರಾಯ್ಡ್ ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆ ಕೊಟ್ರು, ಸರಿಯಾಯ್ತು, ನಿಲ್ಲಿಸಿದ ಮೇಲೆ ವಾಪಸ್ ಬಂತು. ಅಷ್ಟೊತ್ತಿಗೆ ಮದುವೆ ನಿಶ್ಚಯ ಆಗಿತ್ತು. ಆಗ ಡಾಕ್ಟರ್ ಕೂರಿಸಿ ಹೇಳಿದ್ದು ಇಷ್ಟು. ಈ ಮಾತ್ರೆ ತಗೊಳ್ತಾ ಗರ್ಭಿಣಿ ಆದ್ರೆ ಮೊದಲ ಕೆಲವು ವಾರದಲ್ಲಿ, ಅಂದ್ರೆ ಆರರಿಂದ ಹತ್ತನೇ ವಾರ, ಮಗುವಿಗೆ ಅಂಗದೋಷ ಬರುವ ಸಾಧ್ಯತೆ ಉಂಟು. ಹಾಗಾಗಿ ಮೊದಲ ಮೂರು ತಿಂಗಳಿಗೆ ಪಿಟಿಯು ಅಂತ ಬೇರೆ ಮಾತ್ರೆಗೆ ಬದಲಾಯಿಸ್ತಾರೆ, ಅದಕ್ಕೆ ಲಿವರ್ ಮೇಲೆ ಕಣ್ಣಿಡಬೇಕು. ಇಲ್ಲಾಂದ್ರೆ ಮೊದಲೇ ಆಪರೇಷನ್ ಅಥವಾ ರೇಡಿಯೋ ಅಯೋಡಿನ್ ಮಾಡಿ ರೋಗವನ್ನೇ ಮುಗಿಸಿಕೊಂಡು ಆಮೇಲೆ ಮಗು. ನಾನು ಅಯೋಡಿನ್ ಆರಿಸಿಕೊಂಡೆ. ನಮ್ಮಲ್ಲಿ ಅಜ್ಜಿಯಿಂದ ಹಿಡಿದು ಎಲ್ಲರೂ ರೇಡಿಯೇಷನ್ ಅಂದ್ರೆ ಗರ್ಭಕೋಶ ಸುಟ್ಟು ಹೋಗ್ತದೆ ಅಂತ ಗಲಾಟೆ. ಹಾಗೇನೂ ಇಲ್ಲ, ಕುಡಿದ ಅಯೋಡಿನ್ ಹೆಚ್ಚಿನದ್ದು ಥೈರಾಯ್ಡಿಗೇ ಹೋಗ್ತದೆ, ಉಳಿದದ್ದು ಮೂತ್ರದಲ್ಲಿ ಹೊರಗೆ. ಕೊಡುವ ಮೊದಲು ಗರ್ಭ ಇಲ್ಲ ಅಂತ ಟೆಸ್ಟ್ ಮಾಡಿಯೇ ಕೊಡುದು, ಆಮೇಲೆ ಕಡಿಮೆ ಅಂದ್ರೂ ಆರು ತಿಂಗಳು ಗರ್ಭಿಣಿ ಆಗ್ಬಾರ್ದು, ಅಷ್ಟೇ ಕಂಡೀಷನ್. ಕೆಲವು ದಿನ ಅಕ್ಕನ ಚಿಕ್ಕ ಮಗುವನ್ನು ಎತ್ತಿಕೊಳ್ಳಲಿಕ್ಕೆ ಬಿಡ್ಲಿಲ್ಲ, ಅದೇ ನಂಗೆ ದೊಡ್ಡ ಬೇಜಾರು.

ಈಗ ನಾನೂ ನಿಮ್ಮ ಹಾಗೇ ಹೈಪೋ, ದಿನಾ ಎಲ್ಟ್ರಾಕ್ಸಿನ್, ಅದೂ ನಿಮ್ಮ ಥೈರೋನಾರ್ಮ್ ಹಾಗಿನದ್ದೇ ಮಾತ್ರೆ. ಮಗಳು ಶಾಲೆಗೆ ಹೋಗ್ತಾಳೆ. ಒಂದು ಮಾತು ಮಾತ್ರ ಗ್ರೇವ್ಸ್‌ನವರು ಬರೆದಿಟ್ಟುಕೊಳ್ಳಿ, ಗ್ರಂಥಿ ತೆಗೆದ್ರೂ ಸುಟ್ರೂ ರಕ್ತದಲ್ಲಿ ಆ್ಯಂಟಿಬಾಡಿ ಉಳಿದಿರ್ತದೆ, ಅದು ಹೊಕ್ಕುಳಬಳ್ಳಿಯಲ್ಲಿ ಮಗುವಿಗೆ ಹೋಗಿ ಮಗುವಿನ ಥೈರಾಯ್ಡನ್ನು ಕೆಣಕಬಹುದು. ಅದಕ್ಕೆ ಟ್ರ್ಯಾಬ್ ಅಂತ ಟೆಸ್ಟ್ ಉಂಟು. ಬಸುರಿಯಲ್ಲಿ ಹೊಸ ಡಾಕ್ಟರ್ ಹತ್ರ ಹೋದ್ರೆ "ನಂಗೆ ಈಗ ಬರೀ ಹೈಪೋ" ಅಂತ ಹೇಳಿ ಸುಮ್ಮನಾಗ್ಬೇಡಿ, ಮೊದಲು ಗ್ರೇವ್ಸ್ ಇತ್ತು ಅಂತ ಹೇಳಿ.

ಗಂಡಭೇರುಂಡ_88:

ಹುಡುಗರ ಕಡೆಯಿಂದ ಒಂದು ಮಾತು. ನಾನು ಹೆಣ್ಣು ನೋಡೋಕೆ ಹೋದಾಗ ಕೇಸರಿಬಾತ್ ಉಪ್ಪಿಟ್ಟು ಎಲ್ಲ ಆಗಿ ಇಬ್ರನ್ನೇ ಮಹಡಿ ಮೇಲೆ ಮಾತಾಡೋಕೆ ಬಿಟ್ರಲ್ಲ, ಆಗ ಅವಳೇ ಹೇಳಿದ್ಲು, ನನಗೆ ಥೈರಾಯ್ಡ್ ಇದೆ ದಿನಾ ಮಾತ್ರೆ ತಗೋತೀನಿ ಅಂತ. ನಾನು ಸರಿ ಅಂದೆ, ನನಗೆ ಅದೇನು ಅಂತಾನೇ ಗೊತ್ತಿರ್ಲಿಲ್ಲ. ಕಾರಲ್ಲಿ ವಾಪಸ್ ಬರ್ತಾ ಅಮ್ಮಂಗೆ ಹೇಳಿದ್ರೆ ಅವ್ರು "ಅಯ್ಯೋ ಅದಾ, ನಾನೂ ತಗೋತೀನಲ್ಲ ಹತ್ತು ವರ್ಷದಿಂದ" ಅಂದ್ರು. ಮನೇಲಿ ಯಾರಿಗೂ ಗೊತ್ತೇ ಇರ್ಲಿಲ್ಲ, ನಮ್ಮಪ್ಪಂಗೂ. ಎಲ್ಲ ಮನೇಲೂ ಹಿಂಗೇ ಇರ್ತಾರೆ ಅಂತ ಹೇಳಲ್ಲ, ಆದ್ರೆ ಹುಡುಗನ ಮನೇಲಿ ಒಬ್ರಾದ್ರೂ ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಗೆ ಆ ಮಾತ್ರೆ ನುಂಗೋರು ಇದ್ರೂ ಇರ್ತಾರೆ. ಮುಚ್ಚಿಟ್ಟು ಮದುವೆ ಆದ್ರೆ ದಿನಾ ಬೆಳಿಗ್ಗೆ ಮಾತ್ರೆ ಬಾಟ್ಲಿ ಎಲ್ಲಿ ಬಚ್ಚಿಡ್ತೀರಾ?

ಸಕ್ಕರೆನಾಡು_ಚಂದನ:

ಎಲ್ರೂ ಹೇಳ್ಬಿಡಿ ಹೇಳ್ಬಿಡಿ ಅಂತೀರಾ, ನಾನು ಹೇಳ್ದೆ, ಆ ಸಂಬಂಧ ಹೋಯ್ತು. ಬಾಯಿಬಿಟ್ಟು ಅದೇ ಕಾರಣ ಅನ್ಲಿಲ್ಲ, ಜಾತಕದಲ್ಲಿ ಏನೋ ದೋಷ ಕಾಣ್ತು ಅಂದ್ರು, ಮೂರು ಜನ ಜೋಯಿಸ್ರು ಸರಿ ಇದೆ ಅಂದ ಜಾತಕ. ಹೇಳೋದು ಸರಿನೇ, ಬೇಡ ಅಂತಿಲ್ಲ, ಆದ್ರೆ ಹೇಳಿದ್ರೆ ಎಲ್ಲ ಒಳ್ಳೇದಾಗತ್ತೆ ಅಂತ ಈ ಹುಡುಗಿಗೆ ಆಸೆ ಹುಟ್ಟಿಸ್ಬೇಡಿ. ಮತ್ತೆ ಒಂದು ಕೇಳ್ತೀನಿ, ಹೆಣ್ಣಿನ ಥೈರಾಯ್ಡ್ ರಿಪೋರ್ಟ್ ಕೇಳೋರು ಗಂಡಿನ ಯಾವ ರಿಪೋರ್ಟ್ ಕೊಡ್ತಾರೆ?

ಓಬಿಜಿ_ನೈಟ್‌ಡ್ಯೂಟಿ:

ಯಾವುದೂ ಕೊಡಲ್ಲ. ಮಕ್ಕಳಾಗೋದು ತಡ ಆಗೋ ಜೋಡಿಗಳಲ್ಲಿ ಹೆಚ್ಚುಕಮ್ಮಿ ಅರ್ಧ ಕೇಸಲ್ಲಿ ಗಂಡಿನ ಕಡೆಯದೂ ಪಾಲಿರುತ್ತೆ. ಆದ್ರೆ ಹುಡುಗಿಗೆ ಎಲ್ಲ ಟೆಸ್ಟೂ ಎರಡೆರಡು ಸಲ ಆದ್ಮೇಲೆ, ಹುಡುಗ ವೀರ್ಯ ಪರೀಕ್ಷೆಗೆ ಬರೋದು ಕೊನೆಗೆ, ಅದೂ ಅತ್ತುಕರೆದು. ಅದೇ ಎಲ್ಲಕ್ಕಿಂತ ಸುಲಭದ ಟೆಸ್ಟು.

ಹಾಸನದ_ಹುಡುಗಿ24:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಕೂತು ಎಲ್ಲ ಎರಡು ಸಲ ಓದ್ದೆ. ಚಂದನ ಅವ್ರೇ ನೀವು ಹೇಳಿದ್ದೂ ಒಳ್ಳೇದಾಯ್ತು. ಐರನ್, ಥೈರಾಯ್ಡ್ ಮಾತ್ರೆ ಎರಡೂ ಒಟ್ಟಿಗೇ ತಗೊಳ್ತಿದ್ದೆ ನಿಜ, ಸ್ಟ್ರಿಪ್ ಮೇಲೆ ಹಾಗೇನೂ ಬರೆದಿರ್ಲಿಲ್ಲ, ಹೇಳೋರೂ ಇರ್ಲಿಲ್ಲ. ಕೂದಲಿಗೆ ಗಮ್ಮಿನೂ ತಿಂತಿದೀನಿ, ಲ್ಯಾಬ್ ಸರ್ ಅದು ಹೇಗೆ ಕಂಡುಹಿಡಿದ್ರಿ!

ಇನ್ನೆರಡು ಡೌಟು. ಪಿಜಿಲಿ ಏಳು ಗಂಟೆಗೆ ಕಾಫಿ ಬಂದ್ಬಿಡತ್ತೆ, ತಪ್ಪಿಸ್ಕೊಂಡ್ರೆ ಮತ್ತೆ ಸಿಗಲ್ಲ, ಅಷ್ಟು ಬೆಳಿಗ್ಗೆ ಎದ್ದು ಮಾತ್ರೆ ತಗೊಂಡು ಕಾಯೋದು ಕಷ್ಟ, ರಾತ್ರಿ ತಗೊಂಡ್ರೆ ಆಗಲ್ವಾ? ಇನ್ನೊಂದು ಆ ಕೋಸು ರಾಗಿ ವಿಷ್ಯ, ನಮ್ಮನೇಲಿ ಮುದ್ದೆ ಬಿಟ್ರೆ ಊಟ ಅಂತಾನೇ ಅನ್ಸಲ್ಲ. ಅಮ್ಮ ಯಾವ್ದೋ ವಿಡಿಯೋ ನೋಡಿ ಮನೇಲಿ ಪುಡಿ ಉಪ್ಪು ನಿಲ್ಸಿ ಪಿಂಕ್ ಸಾಲ್ಟ್ ತಂದಿದಾರೆ, ಅದು ಒಳ್ಳೇದಾ?

ಓಬಿಜಿ_ನೈಟ್‌ಡ್ಯೂಟಿ:

ರಾತ್ರಿ ತಗೋಬಹುದು, ಊಟ ಆಗಿ ಮೂರು ಗಂಟೆ ಆಗಿರ್ಬೇಕು, ಮಲಗೋ ಮುಂಚೆ ಬರೀ ನೀರಲ್ಲಿ. ದಿನಾ ಒಂದೇ ಥರ ಮಾಡೋದು ಮುಖ್ಯ, ಇವತ್ತು ಬೆಳಿಗ್ಗೆ ನಾಳೆ ರಾತ್ರಿ ಅಂತ ಮಾಡಬೇಡಿ. ಬೆಳಿಗ್ಗೆನೇ ತಗೊಳ್ಳೋದಾದ್ರೆ ಕಾಫಿಗೆ ಅರ್ಧದಿಂದ ಒಂದು ಗಂಟೆ ಅಂತರ ಇರಲಿ. ಬದಲಾಯಿಸೋದಿದ್ರೆ ಮುಂದಿನ ವಿಸಿಟಲ್ಲಿ ಡಾಕ್ಟರ್‌ಗೆ ತಿಳಿಸಿ, ಐರನ್ ಮಧ್ಯಾಹ್ನ ಊಟದ ಹೊತ್ತಿಗೆ ಇಟ್ಕೊಳ್ಳಿ.

ಮುದ್ದೆ ಧಾರಾಳವಾಗಿ ತಿನ್ನಿ. ಕೋಸು ಬೇಯಿಸಿ ಪಲ್ಯ ಮಾಡ್ಕೊಂಡು ತಿಂದ್ರೆ ಏನೂ ಆಗಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ ಇರೋದ್ರಿಂದ ಮಾತ್ರೆ ನುಂಗಿದ ತಕ್ಷಣ ಹಾಲು ಹಾಕಿದ ರಾಗಿ ಮಾಲ್ಟ್ ಕುಡೀಬೇಡಿ, ಅಷ್ಟೇ.

ಪಿಂಕ್ ಸಾಲ್ಟ್ ಮಾತ್ರ ಬೇಡ. ಸೈಂಧವ ಲವಣ, ಪಿಂಕ್ ಸಾಲ್ಟ್, ಸಂತೆಯಲ್ಲಿ ಸೇರಲ್ಲಿ ಅಳೆದು ಕೊಡೋ ಕಲ್ಲುಪ್ಪು, ಇವುಗಳಲ್ಲಿ ಅಯೋಡಿನ್ ಸಾಕಷ್ಟು ಇರಲ್ಲ. ನಮ್ಮ ದೇಶದಲ್ಲಿ ಗಳಗಂಡ ತಡೆಯೋಕೆ ಅಂತ 1962ರಲ್ಲೇ ಸರ್ಕಾರ ಕಾರ್ಯಕ್ರಮ ಶುರು ಮಾಡಿತ್ತು, ಉಪ್ಪಿಗೆ ಅಯೋಡಿನ್ ಸೇರಿಸೋದೇ ಅದರ ಮುಖ್ಯ ಕೆಲಸ. ಹಾಶಿಮೊಟೊ ಇರೋರಿಗೆ ಅಯೋಡಿನ್ ಮಾತ್ರೆ, ಕೆಲ್ಪ್ (ಕಡಲಕಳೆ) ಪುಡಿ ಅಂತ ಮೇಲಿಂದ ಸುರ್ಕೊಳ್ಳೋದು ಒಳ್ಳೇದಲ್ಲ, ಆದ್ರೆ ಮನೆ ಉಪ್ಪಲ್ಲಿ ಇರೋ ಅಷ್ಟು ಬೇಕು. ದೊಡ್ಡೋರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಗರ್ಭಿಣಿಗೆ 250. ಮುಂದೆ ಮಗು ಬೇಕು ಅನ್ನೋ ಹುಡುಗಿ ಇರೋ ಮನೇಲಿ ಅಯೋಡಿನ್ ಇರೋ ಉಪ್ಪನ್ನ ತೆಗೆದುಹಾಕೋದು ಉಲ್ಟಾ ಕೆಲಸ. ಅಮ್ಮಂಗೆ ನಿಧಾನವಾಗಿ ಹೇಳಿ.

ಬೆಣ್ಣೆದೋಸೆ_ಅಕ್ಕ:

ಹುಡುಗನಿಗೆ ಹೇಳೋದಾದ್ರೆ ನಿಶ್ಚಿತಾರ್ಥಕ್ಕೆ ಮೊದ್ಲೇ ಹೇಳು ಪುಟ್ಟಿ, ಛತ್ರ ಬುಕ್ ಆದ್ಮೇಲೆ ಹೇಳಿದ್ರೆ ಎರಡೂ ಮನೆಯವ್ರಿಗೆ ಕಷ್ಟ. ಹೇಳೋವಾಗ "ನನಗೊಂದು ಕಾಯಿಲೆ ಇದೆ" ಅಂತ ಅಳುಮುಖ ಮಾಡ್ಕೊಂಡು ಶುರು ಮಾಡ್ಬೇಡ. ಥೈರಾಯ್ಡ್ ಇದೆ, ದಿನಾ ಒಂದು ಮಾತ್ರೆ, ಮಗು ಪ್ಲಾನ್ ಮಾಡೋವಾಗ ಡೋಸ್ ನೋಡ್ಕೋಬೇಕು, ಡಾಕ್ಟ್ರನ್ನ ಏನಾದ್ರೂ ಕೇಳ್ಬೇಕು ಅಂದ್ರೆ ಒಟ್ಟಿಗೆ ಹೋಗಿ ಕೇಳೋಣ, ಅಷ್ಟು ಹೇಳು. ಅವನು ಏನು ಉತ್ತರ ಕೊಡ್ತಾನೆ ಅನ್ನೋದ್ರಲ್ಲಿ ನಿನಗೂ ಅವನ ಬಗ್ಗೆ ಬೇಕಾದಷ್ಟು ಗೊತ್ತಾಗತ್ತೆ.

ಹಾಸನದ_ಹುಡುಗಿ24:

ಸರಿ ಅಕ್ಕ. ಈ ವಾರ ಫೋನ್ ಮಾಡ್ತಾರೆ, ನಾನೇ ಹೇಳ್ತೀನಿ. ಅಮ್ಮಂಗೆ ಇನ್ನೂ ಹೇಳಿಲ್ಲ ಹೇಳ್ತೀನಿ ಅಂತ, ಪ್ರಮಾಣನೂ ಮಾಡಿಲ್ಲ ಸದ್ಯ. ಐರನ್ ಅಂತರ ಇವತ್ತಿಂದಾನೇ ಶುರು, ಡಾಕ್ಟ್ರ ಹತ್ರ ಹೋಗಿ ಡೋಸ್ ಕೇಳ್ಕೊಂಡು ಆಮೇಲೆ ಮತ್ತೆ ಟೆಸ್ಟ್.

ಹುಬ್ಬಳ್ಳಿ_ಲ್ಯಾಬ್:

ಹೌದ್ರಿ, ಈಗ ಅಂತರ ಬದಲಿ ಮಾಡೀರಿ ಅಂದ್ರ ಆರು ವಾರ ಬಿಟ್ಟ ಟೆಸ್ಟ್ ಮಾಡಸ್ರಿ, ಅದಕ್ಕಿಂತ ಮೊದ್ಲ ಬ್ಯಾಡ. ಗಮ್ಮಿ ಎರಡು ದಿನ ಮೊದ್ಲ ನಿಲ್ಲಸೂದು ಮರೀಬ್ಯಾಡ್ರಿ, ಮಾತ್ರಿ ನುಂಗಾಕಿಂತ ಮೊದ್ಲ ರಕ್ತಾ ಕೊಡ್ರಿ. ರಿಪೋರ್ಟ್ ಬಂದ ಮ್ಯಾಲೆ ಇಲ್ಲಿ ನಂಬರ್ ಹಾಕ್ರಿ, ನೋಡೂಣು.